ತೊಟ್ಟಿಯೊಳಗಿನ ಹೊಳೆ

ಹೋದ ವರ್ಷ ಓಣಂ ರಜೆ ಮುಗಿದು ಶಾಲೆ ತೆರೆದ ವಾರ. ಏಳನೇ ತರಗತಿಯ ಹುಡುಗನೊಬ್ಬ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಂದು ಮೀನು ತಂದ. ಅವನ ಅಜ್ಜನ ಮನೆ ಪಯಸ್ವಿನಿ ಹೊಳೆಯ ಬದಿಯಲ್ಲಿದೆ. ಬೆಳ್ಳಿಯಂಥ ಮೈ, ಮೂತಿಯಿಂದ ಕಣ್ಣಿನ ಮೇಲಾಗಿ ಮೈಯ ನಡುವಿನವರೆಗೆ ಕೆಂಪು ಗೆರೆ, ಅದರ ಕೆಳಗೆ ಬಾಲದವರೆಗೆ ಕಪ್ಪು ಗೆರೆ. ವಿಜ್ಞಾನ ಕೊಠಡಿಯ ಗಪ್ಪಿ ತೊಟ್ಟಿಗೆ ಬಿಟ್ಟೆವು. ಮರುದಿನ ಬೆಳಿಗ್ಗೆ ಸತ್ತು ತೇಲುತ್ತಿತ್ತು.

"ನೀರು ಕ್ಲೀನಾಗಿಯೇ ಇತ್ತಲ್ಲ ಸಾರ್?" ಎಂದ ಹುಡುಗ.

ಬಾಟಲಿಯ ಪ್ರಯಾಣದ ಆಯಾಸವೂ ಇದ್ದೀತು. ಆದರೆ ದೊಡ್ಡ ತಪ್ಪು ನನ್ನದೇ. ರಭಸಕ್ಕೆ ಗಪ್ಪಿಗಳು ಮೂಲೆ ಸೇರುತ್ತವೆಂದು ವಾರದ ಹಿಂದೆ ಫಿಲ್ಟರಿನ ಹರಿವನ್ನು ತೀರಾ ತಗ್ಗಿಸಿಟ್ಟವನು ನಾನು. ನೀರು ಕ್ಲೀನಾಗಿಯೇ ಇತ್ತು, ಹರಿಯುತ್ತಿರಲಿಲ್ಲ ಅಷ್ಟೆ. ಹುಡುಗನಿಗೆ ಸರಿಯಾದ ಉತ್ತರ ಕೊಡಲು ಸ್ವಲ್ಪ ಚರಿತ್ರೆ ಓದಬೇಕಾಯಿತು.

ಮನೆಯೊಳಗೆ ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಈಗಿನ ಕ್ರಮ ಶುರುವಾದದ್ದು ನಿಂತ ನೀರಿನಿಂದ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ತೊಟ್ಟಿಯಲ್ಲಿ ಎರಡು ಗೋಲ್ಡ್ ಫಿಶ್, ಒಂದು ನೀರುಗಿಡ, ಕೆಲವು ಬಸವನಹುಳು ಇಟ್ಟು, ನೀರು ಬದಲಿಸದೆಯೇ ಅವು ಬದುಕುತ್ತವೆಂದು 1850ರಲ್ಲಿ ವರದಿ ಮಾಡಿದ. ಗಿಡ ಆಮ್ಲಜನಕ ಕೊಡುತ್ತದೆ, ಮೀನಿನ ಕಲ್ಮಶ ಗಿಡಕ್ಕೆ ಗೊಬ್ಬರ, ಕೊಳೆತ ಎಲೆ ಹುಳುವಿನ ಪಾಲು. ಅವನ ಲೇಖನದ ತಲೆಬರಹದಲ್ಲಿಯೇ 'ಅಡ್ಜಸ್ಟ್‌ಮೆಂಟ್' ಎಂಬ ಪದವಿದೆ. ಬಸ್ಸಿನಲ್ಲಿ ನಾವು ದಿನವೂ ಹೇಳುವ ಆ 'ಅಡ್ಜಸ್ಟ್ ಮಾಡಿ'ಯೇ! ಗಾಜಿನ ಮೇಲಿನ ತೆರಿಗೆ ಅಲ್ಲಿ 1845ರಲ್ಲಿ ರದ್ದಾಗಿ ಗಾಜು ಅಗ್ಗವಾಗಿತ್ತು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನುಮನೆ ತೆರೆಯಿತು, 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ತನ್ನ ಪುಸ್ತಕಕ್ಕೆ 'ದಿ ಅಕ್ವೇರಿಯಂ' ಎಂದೇ ಹೆಸರಿಟ್ಟ. ಜನರಿಗೆ ಹುಚ್ಚು ಹಿಡಿಯಿತು. ಆದರೆ ಮೀನು ಹೆಚ್ಚು ತುಂಬಿದಲ್ಲೆಲ್ಲ ವಾರಿಂಗ್ಟನ್ನನ ಲೆಕ್ಕ ತಪ್ಪುತ್ತಿತ್ತು.

ನೀರನ್ನು ಓಡಿಸಬೇಕು ಎಂದು ಹಟ ಹಿಡಿದವನು ವಿಲಿಯಂ ಆಲ್ಫರ್ಡ್ ಲಾಯ್ಡ್, ಲಂಡನ್ನಿನಲ್ಲಿ ಅಕ್ವೇರಿಯಂ ಅಂಗಡಿ ಇಟ್ಟವನು. 1864ರಲ್ಲಿ ತೆರೆದ ಹ್ಯಾಂಬರ್ಗಿನ ಅಕ್ವೇರಿಯಂನಲ್ಲಿಯೂ 1871ರಲ್ಲಿ ತೆರೆದ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿಯೂ ಅವನ ಉಪಾಯ ಒಂದೇ. ಜನ ನೋಡುವ ತೊಟ್ಟಿಗಳ ಕೆಳಗೆ ಅವುಗಳಿಗಿಂತ ಎಷ್ಟೋ ಪಾಲು ದೊಡ್ಡ ಕತ್ತಲೆಯ ತೊಟ್ಟಿ, ನಡುವೆ ಹಗಲಿರುಳು ನಿಲ್ಲದ ಪಂಪು. ಅಡಿಕೆ ತೋಟಕ್ಕೆ ಸುರಂಗದ ನೀರು ಬಿಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುರಕಲ್ಲಿನ ಸುರಂಗದಿಂದ ಬೆರಳಿನಷ್ಟೇ ನೀರು ಬಂದರೂ ಕೆರೆಯಲ್ಲಿ ತುಂಬಿಸಿ, ಬೇಕಾದಾಗ ಬೇಕಾದಷ್ಟೇ ಬಿಡುವ ಜಾಣತನ ನಮ್ಮ ಹಿರಿಯರಿಗೂ ಇತ್ತು.

ಆದರೆ ನೀರು ಓಡಿದರೆ ಶುದ್ಧವಾಗುವುದು ಏಕೆಂದು ಲಾಯ್ಡನಿಗೂ ಪೂರ್ತಿ ತಿಳಿದಿರಲಾರದು. ಅಮೋನಿಯವನ್ನು ನೈಟ್ರೈಟ್, ಮುಂದೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಗಳನ್ನು ವಿನೋಗ್ರಾಡ್‌ಸ್ಕಿ ಬೇರ್ಪಡಿಸಿ ತೋರಿಸಿದ್ದು 1890ರ ಸುಮಾರಿಗೆ. ಫಿಲ್ಟರಿನ ಸ್ಪಂಜಿನಲ್ಲಿ ಮನೆ ಮಾಡುವುದು ಇಂಥವೇ. ಹರಿವು ತಗ್ಗಿದರೆ ಅವಕ್ಕೂ ಆಮ್ಲಜನಕ ಸಾಲದು. ನೀರಿನ ಮೇಲ್ಮೈ ಅಲುಗದಿದ್ದರೆ ಮೀನಿಗೂ ಸಾಲದು. ರಾತ್ರಿ ಹೊತ್ತು ಗಿಡಗಳೂ ಆಮ್ಲಜನಕವನ್ನೇ ಉಸಿರಾಡುತ್ತವೆ. ಗಪ್ಪಿ ಮೇಲ್ಪದರದ ನೀರಿನಲ್ಲಿ ಹೇಗೋ ಸುಧಾರಿಸಿಕೊಳ್ಳುತ್ತದೆ, ಹರಿಯುವ ಹೊಳೆಯ ಮೀನಿಗೆ ಅದು ಆಗದು.

ಇನ್ನು ನಮ್ಮ ಹುಡುಗನ ಮೀನು. ಲಾಯ್ಡ್ ಹ್ಯಾಂಬರ್ಗಿನಲ್ಲಿ ಪಂಪು ಓಡಿಸುತ್ತಿದ್ದ ಕಾಲದಲ್ಲಿಯೇ, 1865ರಲ್ಲಿ, ಮದರಾಸಿನ ಸೇನಾ ವೈದ್ಯ ಫ್ರಾನ್ಸಿಸ್ ಡೇ ತಿರುವಾಂಕೂರಿನ ಮುಂಡಕ್ಕಯಂನಿಂದ ಬಂದ ಈ ಜಾತಿಯನ್ನು ವರ್ಣಿಸಿ ಗವರ್ನರ್ ವಿಲಿಯಂ ಡೆನಿಸನ್ನನ ಹೆಸರಿಟ್ಟ. ಡೆನಿಸನ್ 1861ರಿಂದ 1866ರವರೆಗೆ ಮದರಾಸಿನ ಗವರ್ನರ್. ಆಗ ನಮ್ಮ ಕಾಸರಗೋಡು ದಕ್ಷಿಣ ಕೆನರಾದೊಳಗೆ, ಅಂದರೆ ಅವನ ಆಡಳಿತದಲ್ಲಿಯೇ ಇತ್ತು. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. ಮೀನಿಗೆ ಗಡಿಯ ತಂಟೆ ಇಲ್ಲ: ಕೊಡಗಿನಲ್ಲಿ ಹುಟ್ಟಿ ಸುಳ್ಯದ ಮೂಲಕ ಇಳಿದು ಚಂದ್ರಗಿರಿ ಸೇರುವ ನೀರು ಅದಕ್ಕೆ ಒಂದೇ. ಮಲಯಾಳದಲ್ಲಿ ಇದು ಚೆಂಕಣಿಯಾನ್, ಕೆಂಗಣ್ಣಿನವನು. ವ್ಯಾಪಾರದವರು ಇಟ್ಟ ಹೆಸರು 'ಮಿಸ್ ಕೇರಳ'.

ಆ ಹೆಸರೇ ಅದಕ್ಕೆ ಕುತ್ತಾಯಿತು. 1990ರ ದಶಕದಿಂದ ಹೊಳೆಗಳಲ್ಲಿ ಹಿಡಿದು ವಿದೇಶಕ್ಕೆ ಕಳುಹಿಸುವುದು ಹೆಚ್ಚಿತು. 2008ರಲ್ಲಿ ಕೇರಳ ಸರಕಾರ ಕೆಲವು ತಿಂಗಳು ಹಿಡಿಯುವುದನ್ನು ನಿಷೇಧಿಸಿತು. ಆ ತಿಂಗಳುಗಳು ಮೀನು ಮೊಟ್ಟೆಯಿಡುವ ಕಾಲಕ್ಕೆ ಸರಿಯಾಗಿ ಹೊಂದುವುದಿಲ್ಲವೆಂದು ಸಂಶೋಧಕರು ಬರೆದರು. ಪನಂಗಾಡಿನ ಮೀನುಗಾರಿಕಾ ಕಾಲೇಜಿನಲ್ಲಿ ತೊಟ್ಟಿಯಲ್ಲಿಯೇ ಮರಿ ಮಾಡಿಸುವ ಕ್ರಮ ಕಂಡುಕೊಂಡಿದ್ದಾರೆ. ಆದರೂ ಅಳಿವಿನಂಚಿನ ಮೀನುಗಳ ಪಟ್ಟಿಯಲ್ಲಿ ಅದರ ಹೆಸರಿದೆ. ನಾವು ಸಾಯಿಸಿದ್ದು ಅಂಥದ್ದೊಂದನ್ನು. ಇದನ್ನು ತರಗತಿಯಲ್ಲಿ ಹೇಳುವಾಗ ನನಗೆ ಸುಲಭವಾಗಲಿಲ್ಲ.

ಬಳಿಕ ಮಕ್ಕಳಿಂದಲೇ ಲೆಕ್ಕ ಮಾಡಿಸಿದೆ. ತೊಟ್ಟಿ 60 ಸೆಂ.ಮೀ. ಉದ್ದ, 30 ಅಗಲ, 30 ಎತ್ತರ: 54 ಲೀಟರು. ಗಂಟೆಗೆ ತೊಟ್ಟಿಯ ನಾಲ್ಕೈದು ಪಾಲು ನೀರು ಫಿಲ್ಟರಿನಲ್ಲಿ ಹಾದು ಬರಲಿ ಎನ್ನುವುದು ಮೀನು ಸಾಕುವವರ ರೂಢಿ. ನಮ್ಮ ಫಿಲ್ಟರಿನ ಡಬ್ಬದ ಮೇಲೆ 600 ಲೀಟರು ಎಂದಿತ್ತು. ಕೊಳವೆಯ ಬಾಯಿಗೆ ಒಂದು ಲೀಟರಿನ ಬಾಟಲಿ ಹಿಡಿದರೆ, ಪೂರ್ತಿ ತೆರೆದಾಗ 9 ಸೆಕೆಂಡು, ಅಂದರೆ 400 ಲೀಟರು. ನೀರನ್ನು ಮೇಲೆತ್ತುವಲ್ಲಿ, ಸ್ಪಂಜಿನ ಕೊಳೆಯಲ್ಲಿ ಉಳಿದದ್ದು ಕಳೆದಿತ್ತು. ನಾನು ತಗ್ಗಿಸಿಟ್ಟಿದ್ದಲ್ಲಿ 40 ಸೆಕೆಂಡು: ಬರೇ 90 ಲೀಟರು!

ಈಗ ಕೊಳವೆಯ ಬಾಯಿಯನ್ನು ಗಾಜಿನ ಕಡೆಗೆ ತಿರುಗಿಸಿದ್ದೇವೆ. ರಭಸ ಗಾಜಿಗೆ ಬಡಿದು ಮುರಿಯುತ್ತದೆ, ಮೇಲ್ಮೈಯೂ ಅಲುಗುತ್ತದೆ, ಗಪ್ಪಿಗಳು ಗಿಡಗಳ ಹಿಂದೆ ಆರಾಮ. ಹರಿವು ತಗ್ಗಿಸಬೇಕಾದರೆ ನೀರು ಹೊರಬರುವ ಕಡೆಯಲ್ಲಿ ಮಾತ್ರ, ಹೀರುವ ಕಡೆ ಅಲ್ಲ. ಹೀರುವ ಬಾಯಿ ಕಟ್ಟಿದರೆ ಪಂಪು ಹಾಳು. ಪ್ರತಿ ಸೋಮವಾರ ಮಕ್ಕಳು ಬಾಟಲಿ ಹಿಡಿದು ಅಳೆಯುತ್ತಾರೆ. 14 ಸೆಕೆಂಡು ಸರಿ. 20 ದಾಟಿದರೆ ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಹಿಂಡುತ್ತಾರೆ, ನಲ್ಲಿಯ ಕ್ಲೋರಿನ್ ನೀರಿನಲ್ಲಿ ಅಲ್ಲ.

ಹೊಳೆಯ ಮೀನನ್ನು ಈಗ ಯಾರೂ ತರುವುದಿಲ್ಲ. ಡಿಸೆಂಬರಿನಲ್ಲಿ ನೀರು ತಿಳಿಯಾದ ಮೇಲೆ ಅಜ್ಜನ ಮನೆಯ ಹತ್ತಿರದ ಕಯದಲ್ಲಿ ತೋರಿಸುತ್ತೇನೆ, ದಡದ ಬಂಡೆಯ ಮೇಲೆ ಸದ್ದಿಲ್ಲದೆ ಕೂತಿರಬೇಕು ಎಂದು ಆ ಹುಡುಗ ನನಗೆ ತಾಕೀತು ಮಾಡಿದ್ದಾನೆ.