ಪಿಯರ್ ಓಜೆ ವೀಕ್ಷಣಾಲಯ

ಪಿಯರ್ ಓಜೆ ವೀಕ್ಷಣಾಲಯವು ಅತ್ಯಧಿಕ ಶಕ್ತಿಯ ವಿಶ್ವಕಿರಣಗಳನ್ನು ಅಧ್ಯಯನ ಮಾಡುವ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರವಾಗಿದೆ. ಇದು ಅರ್ಜೆಂಟೀನಾದ ಮೆಂಡೋಜಾ ಪ್ರಾಂತ್ಯದ ಮಲಾರ್ಗುವೆ ಪಟ್ಟಣದ ಸಮೀಪ, ಆಂಡೀಸ್ ಪರ್ವತಶ್ರೇಣಿಯ ಪೂರ್ವಕ್ಕಿರುವ ಬಯಲಿನಲ್ಲಿ ಸುಮಾರು 3,000 ಚದರ ಕಿಲೋಮೀಟರ್ ವಿಸ್ತಾರದಲ್ಲಿ ಹರಡಿದೆ. 1938ರಲ್ಲಿ ವಿಶಾಲ ಕಣವೃಷ್ಟಿಗಳನ್ನು ಗುರುತಿಸಿದ ಫ್ರೆಂಚ್ ಭೌತವಿಜ್ಞಾನಿ ಪಿಯರ್ ಓಜೆಯವರ ಹೆಸರನ್ನು ಇದಕ್ಕೆ ಇಡಲಾಗಿದೆ.

ಹಿನ್ನೆಲೆ

ವಿಶ್ವಕಿರಣಗಳು ಬಾಹ್ಯಾಕಾಶದಿಂದ ಬರುವ ಪ್ರೋಟಾನ್‌ಗಳು ಹಾಗೂ ಪರಮಾಣು ಬೀಜಗಳು. ಅವುಗಳಲ್ಲಿ ಕೆಲವು 10²⁰ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯನ್ನು ಹೊಂದಿರುತ್ತವೆ. ಲಾರ್ಜ್ ಹ್ಯಾಡ್ರಾನ್ ಕೊಲೈಡರ್ ಒಂದು ಪ್ರೋಟಾನಿಗೆ ನೀಡುವ ಶಕ್ತಿಗಿಂತ ಇದು ಒಂದು ಕೋಟಿ ಪಟ್ಟಿಗೂ ಅಧಿಕ. ಇಂತಹ ಕಣಗಳು ಒಂದು ಚದರ ಕಿಲೋಮೀಟರ್ ಪ್ರದೇಶಕ್ಕೆ ಶತಮಾನಕ್ಕೊಮ್ಮೆ ಎಂಬಷ್ಟು ವಿರಳವಾಗಿ ಬರುವುದರಿಂದ, ಉಪಗ್ರಹದಲ್ಲಿರಿಸಿದ ಚಿಕ್ಕ ಉಪಕರಣಗಳಿಂದ ಅವುಗಳನ್ನು ನೇರವಾಗಿ ಹಿಡಿಯುವುದು ಅಸಾಧ್ಯ. ಆದ್ದರಿಂದ ಭೂಮಿಯ ವಾತಾವರಣವನ್ನೇ ಶೋಧಕದ ಭಾಗವಾಗಿ ಬಳಸಲಾಗುತ್ತದೆ. 1992ರಲ್ಲಿ ಜೇಮ್ಸ್ ಕ್ರೋನಿನ್ ಮತ್ತು ಅಲನ್ ವಾಟ್ಸನ್ ಇಂತಹ ಬೃಹತ್ ವೀಕ್ಷಣಾಲಯದ ಪ್ರಸ್ತಾಪವನ್ನು ಮುಂದಿಟ್ಟರು. 2004ರಲ್ಲಿ ದತ್ತಾಂಶ ಸಂಗ್ರಹಣೆ ಆರಂಭವಾಗಿ, 2008ರಲ್ಲಿ ನಿರ್ಮಾಣ ಪೂರ್ಣಗೊಂಡಿತು.

ಕಣವೃಷ್ಟಿ

ವಿಶ್ವಕಿರಣವು ಗಾಳಿಯ ಅಣುವಿನ ಬೀಜಕ್ಕೆ ಬಡಿದಾಗ ಹೊಸ ಕಣಗಳು ಹುಟ್ಟುತ್ತವೆ. ಅವು ಮತ್ತೆ ಇತರ ಬೀಜಗಳಿಗೆ ಬಡಿಯುತ್ತ, ನೆಲ ತಲುಪುವ ವೇಳೆಗೆ ನೂರಾರು ಕೋಟಿ ಕಣಗಳ ವೃಷ್ಟಿಯಾಗಿ ಹಲವು ಕಿಲೋಮೀಟರ್ ಅಗಲಕ್ಕೆ ಹರಡುತ್ತವೆ. ಇದರಲ್ಲಿ ಎಲೆಕ್ಟ್ರಾನ್, ಪಾಸಿಟ್ರಾನ್, ಮ್ಯೂಆನ್ ಮತ್ತು ಫೋಟಾನ್‌ಗಳು ಮುಖ್ಯವಾದವು.

ಪತ್ತೆಯ ವಿಧಾನ

ಬಯಲಿನಲ್ಲಿ 1.5 ಕಿಲೋಮೀಟರ್ ಅಂತರದಲ್ಲಿ ಸುಮಾರು 1,660 ತೊಟ್ಟಿಗಳನ್ನು ಇರಿಸಲಾಗಿದೆ. ಪ್ರತಿ ತೊಟ್ಟಿಯ ಕತ್ತಲ ಒಳಾಂಗಣದಲ್ಲಿ 12,000 ಲೀಟರ್ ಶುದ್ಧೀಕರಿಸಿದ ನೀರಿದೆ. ನೀರಿನಲ್ಲಿ ಬೆಳಕು ಚಲಿಸುವ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಸಾಗುವ ವಿದ್ಯುದಾವಿಷ್ಟ ಕಣಗಳು ಚೆರೆಂಕೋವ್ ಬೆಳಕನ್ನು ಸೂಸುತ್ತವೆ. ವಿವಿಧ ತೊಟ್ಟಿಗಳಿಗೆ ವೃಷ್ಟಿ ತಲುಪಿದ ಸಮಯದ ವ್ಯತ್ಯಾಸದಿಂದ ಅದರ ದಿಕ್ಕನ್ನೂ, ಸಂಕೇತದ ಪ್ರಬಲತೆಯಿಂದ ಶಕ್ತಿಯನ್ನೂ ಲೆಕ್ಕಹಾಕಲಾಗುತ್ತದೆ.

ವೃಷ್ಟಿಯು ಸಾರಜನಕದ ಅಣುಗಳನ್ನು ಉದ್ರೇಕಿಸಿದಾಗ ಹೊಮ್ಮುವ ಮಂದವಾದ ಅತಿನೇರಳೆ ಬೆಳಕನ್ನು ನಾಲ್ಕು ಸ್ಥಳಗಳಲ್ಲಿರುವ 27 ಪ್ರತಿದೀಪ್ತಿ ದೂರದರ್ಶಕಗಳು ದಾಖಲಿಸುತ್ತವೆ. ಇವು ಕತ್ತಲೆಯ, ನಿರಭ್ರ ರಾತ್ರಿಗಳಲ್ಲಿ ಮಾತ್ರ ಕಾರ್ಯನಿರ್ವಹಿಸಬಲ್ಲವು. ತೊಟ್ಟಿಗಳಾದರೋ ಹಗಲಿರುಳೂ ಕೆಲಸ ಮಾಡುತ್ತವೆ. ವೃಷ್ಟಿಯು ಗರಿಷ್ಠ ಪ್ರಮಾಣ ತಲುಪುವ ಎತ್ತರದಿಂದ ಮೂಲಕಣವು ಹಗುರವಾದುದೋ ಭಾರವಾದುದೋ ಎಂಬುದನ್ನು ಅಂದಾಜಿಸಬಹುದು. ಒಂದೇ ಶಕ್ತಿಯ ಭಾರವಾದ ಬೀಜಗಳ ವೃಷ್ಟಿ ಹೆಚ್ಚು ಎತ್ತರದಲ್ಲಿಯೇ ಗರಿಷ್ಠವನ್ನು ತಲುಪುತ್ತದೆ.

ಫಲಿತಾಂಶಗಳು

8×10¹⁸ ಎಲೆಕ್ಟ್ರಾನ್ ವೋಲ್ಟ್‌ಗಿಂತ ಅಧಿಕ ಶಕ್ತಿಯ ಕಣಗಳು ಆಕಾಶದ ಒಂದು ಭಾಗದಿಂದ ಹೆಚ್ಚಾಗಿ ಬರುತ್ತವೆ ಎಂದು 2017ರಲ್ಲಿ ಪ್ರಕಟಿಸಲಾಯಿತು. ಆ ದಿಕ್ಕು ಕ್ಷೀರಪಥದ ಕೇಂದ್ರದಿಂದ ಬಹುದೂರದಲ್ಲಿರುವುದರಿಂದ, ಈ ಕಣಗಳು ನಮ್ಮ ಗೆಲಾಕ್ಸಿಯ ಹೊರಗೆ ಹುಟ್ಟುತ್ತವೆ ಎಂಬ ವಾದಕ್ಕೆ ಬಲ ಬಂದಿತು. ಆದರೆ ಅವುಗಳ ನಿರ್ದಿಷ್ಟ ಆಕರಗಳು ಇನ್ನೂ ನಿರ್ಧಾರವಾಗಿಲ್ಲ. ಕಾಂತಕ್ಷೇತ್ರಗಳು ವಿದ್ಯುದಾವಿಷ್ಟ ಕಣಗಳ ಪಥವನ್ನು ಬಾಗಿಸುವುದೇ ಇದಕ್ಕೆ ಮುಖ್ಯ ಅಡಚಣೆ. ಕಣ ಭಾರವಾದಷ್ಟೂ ಅದರ ವಿದ್ಯುದಾವೇಶ ಹೆಚ್ಚಿದ್ದು, ಪಥವೂ ಹೆಚ್ಚು ಬಾಗುತ್ತದೆ. ಈ ಕಾರಣದಿಂದ ಮೂಲಕಣಗಳ ಸ್ವರೂಪವನ್ನು ಇನ್ನಷ್ಟು ನಿಖರವಾಗಿ ತಿಳಿಯಲು ತೊಟ್ಟಿಗಳ ಮೇಲೆ ಸಿಂಟಿಲೇಟರ್ ಫಲಕಗಳನ್ನೂ ರೇಡಿಯೊ ಆಂಟೆನಾಗಳನ್ನೂ ಅಳವಡಿಸುವ ಓಜೆಪ್ರೈಮ್ ಯೋಜನೆಯನ್ನು ಕೈಗೊಳ್ಳಲಾಯಿತು.