ಯುರೇನಿಯಂ ಟೆಟ್ರಾಕ್ಲೋರೈಡಿನ ಇತಿಹಾಸ

1789ರಲ್ಲಿ ಬರ್ಲಿನ್ನಿನ ರಸಾಯನಜ್ಞ ಮಾರ್ಟಿನ್ ಕ್ಲಾಪ್ರೋತನು ಪಿಚ್‌ಬ್ಲೆಂಡ್ ಎಂಬ ಕರಿಯ ಅದಿರಿನಲ್ಲಿ ಹೊಸ ಧಾತುವೊಂದನ್ನು ಗುರುತಿಸಿ, ಎಂಟು ವರ್ಷಗಳ ಹಿಂದೆ ಪತ್ತೆಯಾಗಿದ್ದ ಯುರೇನಸ್ ಗ್ರಹದ ಹೆಸರನ್ನೇ ಅದಕ್ಕಿಟ್ಟನು. ಅದಿರಿನಿಂದ ಪಡೆದ ಹಳದಿ ವಸ್ತುವನ್ನು ಇದ್ದಿಲಿನೊಡನೆ ಕಾಸಿದಾಗ ಉಳಿದ, ಲೋಹದ ಹೊಳಪುಳ್ಳ ಕಪ್ಪು ಪುಡಿಯೇ ಆ ಧಾತುವೆಂದು ಅವನು ಬಗೆದನು. ಐವತ್ತು ವರ್ಷಗಳವರೆಗೆ ಈ ಅಭಿಪ್ರಾಯವೇ ಸಲ್ಲುತ್ತಿತ್ತು.

1841ರಲ್ಲಿ ಪ್ಯಾರಿಸ್ಸಿನ ಯೂಜೀನ್ ಪೆಲಿಗೋ ಯುರೇನಿಯಂ ಆಕ್ಸೈಡನ್ನು ಇದ್ದಿಲಿನೊಡನೆ ಬೆರೆಸಿ, ಚೆನ್ನಾಗಿ ಕಾಯಿಸಿ, ಅದರ ಮೇಲೆ ಒಣ ಕ್ಲೋರಿನ್ ಅನಿಲವನ್ನು ಹಾಯಿಸಿದನು. ಆವಿಯಾಗಿ ಎದ್ದ ಕ್ಲೋರೈಡು ನಳಿಗೆಯ ತಣ್ಣನೆಯ ಭಾಗದಲ್ಲಿ ಕಡುಹಸುರು ಸ್ಫಟಿಕಗಳಾಗಿ ಘನೀಭವಿಸಿತು. ಈ ಸ್ಫಟಿಕಗಳು ಗಾಳಿಯ ತೇವವನ್ನು ಬೇಗನೆ ಹೀರಿಕೊಳ್ಳುತ್ತವೆ. ನೀರಿನಲ್ಲಿ ಕರಗಿ ಹಸುರು ದ್ರಾವಣವನ್ನು ಕೊಡುತ್ತವೆ. ಸುಮಾರು 590° ಸೆಂಟಿಗ್ರೇಡಿನಲ್ಲಿ ದ್ರವಿಸುತ್ತವೆ.

ಈ ಕ್ಲೋರೈಡನ್ನು ವಿಶ್ಲೇಷಿಸಿದಾಗ ವಿಚಿತ್ರವೊಂದು ಕಂಡುಬಂದಿತು. 100 ಭಾಗ ವಸ್ತುವಿನಿಂದ ದೊರೆತ ಕ್ಲೋರಿನ್ ಮತ್ತು 'ಯುರೇನಿಯಂ'ಗಳ ಮೊತ್ತ ನೂರನ್ನು ಮೀರಿತು. ಇಂದಿನ ಬೆಲೆಗಳಿಂದ ಲೆಕ್ಕ ಹಾಕಿದರೆ ಕಾರಣ ಸ್ಪಷ್ಟವಾಗುತ್ತದೆ: ಕ್ಲೋರಿನ್ 37.3 ಭಾಗ, ಕಪ್ಪು ಪುಡಿ 71.1 ಭಾಗ, ಒಟ್ಟು 108.4. ಹೆಚ್ಚಾದ 8.4 ಭಾಗವು ಆಮ್ಲಜನಕದ್ದು. ಅಂದರೆ, ಕ್ಲಾಪ್ರೋತನ ಪುಡಿ ಧಾತುವಲ್ಲ, ಅದು ಡೈಆಕ್ಸೈಡು. ಪೆಲಿಗೋ ಕ್ಲೋರೈಡನ್ನು ಪೊಟ್ಯಾಸಿಯಂ ಲೋಹದೊಡನೆ ಪ್ಲಾಟಿನಂ ಮೂಸೆಯಲ್ಲಿ ಕಾಸಿ, ತೀವ್ರವಾದ ಕ್ರಿಯೆಯ ಬಳಿಕ ನಿಜವಾದ ಯುರೇನಿಯಂ ಲೋಹವನ್ನು ಪಡೆದನು.

ಆದರೂ ಒಂದು ಪ್ರಶ್ನೆ ಉಳಿಯಿತು. ಪೆಲಿಗೋ ಯುರೇನಿಯಂನ ಪರಮಾಣು ತೂಕವನ್ನು 120 ಎಂದಿಟ್ಟಿದ್ದನು. ಈ ಬೆಲೆಗೆ ತನ್ನ ಆವರ್ತ ಕೋಷ್ಟಕದಲ್ಲಿ ತಕ್ಕ ಸ್ಥಾನ ದೊರೆಯದುದರಿಂದ ಮೆಂಡೆಲೀವನು ಅದನ್ನು ಇಮ್ಮಡಿಸಿ 240 ಎಂದನು. 1880ರ ದಶಕದಲ್ಲಿ ಇದೇ ಹಸುರು ಕ್ಲೋರೈಡಿನ ಆವಿಯ ಸಾಂದ್ರತೆಯನ್ನು ಅಳೆದಾಗ, ಅಣುತೂಕವು 380ಕ್ಕೆ ಸಮೀಪವೆಂದು ತಿಳಿದು, ಮೆಂಡೆಲೀವನ ಊಹೆಗೆ ಪ್ರಯೋಗದ ಬೆಂಬಲ ದೊರೆಯಿತು. ಇಂದು ಅಂಗೀಕೃತವಾದ ಬೆಲೆ 238.03.

ಸುಲಭವಾಗಿ ಆವಿಯಾಗುವ ಈ ಗುಣದಿಂದಲೇ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಓಕ್ ರಿಜ್‌ನಲ್ಲಿ ಯುರೇನಿಯಂನ ಐಸೋಟೋಪುಗಳನ್ನು ವಿದ್ಯುತ್ಕಾಂತ ಕ್ರಮದಿಂದ ಬೇರ್ಪಡಿಸಲು ಇದೇ ಸಂಯುಕ್ತವನ್ನು ಬಳಸಿದರು. ಆ ಅಪಾರ ಉದ್ಯಮಕ್ಕೆ ಆಧಾರವಾದ ತಿಳಿವಳಿಕೆಯ ಮೊದಲ ಮೆಟ್ಟಿಲು, ನೂರಕ್ಕೆ ಸರಿಹೊಂದದ ಒಂದು ಮೊತ್ತ. ಅದನ್ನು ತೂಕದ ದೋಷವೆಂದು ತಳ್ಳಿಹಾಕದೆ ಪೆಲಿಗೋ ಅದರ ಕಾರಣವನ್ನರಸಿದನೆಂಬುದು ಪ್ರಯೋಗಶಾಲೆಯ ವಿದ್ಯಾರ್ಥಿಗಳಿಗೆ ಮನನೀಯವಾದ ವಿಷಯ.