ಕಡಲು ನಿಲ್ಲುವುದಿಲ್ಲ, ಎಣ್ಣೆಬಣ್ಣ ಒಣಗುವುದಿಲ್ಲ

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಒಂದು ಪುಟ್ಟ ತೈಲಚಿತ್ರವಿದೆ. ಎತ್ತರ 38 ಸೆಂಟಿಮೀಟರ್, ಅಗಲ 46 ಚಿಲ್ಲರೆ. ಹೆಸರು 'ತ್ರೂವಿಲ್ ಕಡಲತೀರ'. ಫ್ರಾನ್ಸಿನ ಕ್ಲಾಡ್ ಮೊನೆ 1870ರ ಬೇಸಿಗೆಯಲ್ಲಿ ಬರೆದದ್ದು. ಇಬ್ಬರು ಹೆಂಗಸರು ಸಮುದ್ರದ ದಂಡೆಯಲ್ಲಿ ಕೂತಿದ್ದಾರೆ, ಅಷ್ಟೆ. ಸ್ವಾರಸ್ಯ ಇರುವುದು ಬಣ್ಣದ ಒಳಗೆ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬಣ್ಣದ ಪದರದಲ್ಲಿ ಮರಳಿನ ಕಣಗಳೂ ಚಿಪ್ಪಿನ ಚೂರುಗಳೂ ಸಿಕ್ಕವು! ಗಾಳಿಗೆ ಹಾರಿ ಬಂದು ಹಸಿ ಬಣ್ಣಕ್ಕೆ ಅಂಟಿಕೊಂಡ ಮರಳು ನೂರೈವತ್ತು ವರ್ಷ ದಾಟಿದರೂ ಅಲ್ಲೇ ಕೂತಿದೆ. ಚಿತ್ರವನ್ನು ಕಡಲ ಎದುರೇ ಬರೆದ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಹೀಗೆ ಎಣ್ಣೆಬಣ್ಣವನ್ನು ಹೊತ್ತುಕೊಂಡು ಹೊರಗೆ ಹೋಗುವುದೇ ಹಿಂದೆ ದೊಡ್ಡ ತಲೆನೋವಾಗಿತ್ತು. ಕಲೆಗಾರರು ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಚುಚ್ಚಿ ಹಿಂಡಬೇಕು, ಚುಚ್ಚಿದ ಮೇಲೆ ಸರಿಯಾಗಿ ಮುಚ್ಚಲಾಗದು, ಉಳಿದದ್ದು ಗಟ್ಟಿಯಾಗುತ್ತದೆ. 1841ರಲ್ಲಿ ಜಾನ್ ಗಾಫ್ ರ್‍ಯಾಂಡ್ ಎಂಬ ಅಮೆರಿಕದ ಚಿತ್ರಕಾರ ಹಿಂಡಿ ತೆಗೆಯುವ ತವರದ ಟ್ಯೂಬಿಗೆ ಪೇಟೆಂಟ್ ಪಡೆದ. ನಾವು ದಿನಾ ಬೆಳಿಗ್ಗೆ ಹಿಂಡುವ ಟೂತ್‌ಪೇಸ್ಟ್ ಟ್ಯೂಬಿನ ಅಣ್ಣ ಅನ್ನಿ :) ಬಣ್ಣ ಚೀಲಕ್ಕೆ ಬಂತು, ಚಿತ್ರಕಾರ ಬಯಲಿಗೆ ಬಂದ.

ಆದರೆ ಟ್ಯೂಬು ಬಗೆಹರಿಸದ ಸಮಸ್ಯೆ ಒಂದಿತ್ತು. ಜಲವರ್ಣದಲ್ಲಿ ನೀರು ಆವಿಯಾದರೆ ಆಯಿತು, ಬಣ್ಣ ಒಣಗುತ್ತದೆ. ಎಣ್ಣೆಬಣ್ಣ ಹಾಗಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ನಿಧಾನವಾಗಿ ಗಟ್ಟಿಯಾಗಬೇಕು. ಅದಕ್ಕೆ ದಿನಗಳೇ ಬೇಕು. ಹಸಿಯ ಮೇಲೆ ಇನ್ನೊಂದು ಬಣ್ಣ ಬಳಿದು ಸ್ವಲ್ಪ ಹೆಚ್ಚು ತಿಕ್ಕಿದರೆ ಎರಡೂ ಕಲಸಿ ಕೆಸರು. ಇನ್ನು ಕಡಲೋ, ಐದು ನಿಮಿಷ ಒಂದೇ ಬಣ್ಣದಲ್ಲಿ ನಿಲ್ಲುವುದಿಲ್ಲ. ಮೋಡ ಸರಿದರೆ ಹಸಿರು ಬೂದಿಯಾಗುತ್ತದೆ, ನೀರು ಇಳಿದರೆ ಬಂಡೆ ಎದ್ದು ಕಾಣುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ನಿಮಿಷಕ್ಕೊಮ್ಮೆ ರಿಕ್ವೈರ್‌ಮೆಂಟ್ ಬದಲಾಗುವ ಪ್ರಾಜೆಕ್ಟು, ಕಂಪೈಲ್ ಆಗಲು ಮಾತ್ರ ಒಂದು ವಾರ!

ಮೊನೆ ಈ ಜಗಳಕ್ಕೆ ಮತ್ತೆ ಮತ್ತೆ ಇಳಿದದ್ದು ನಾರ್ಮಂಡಿಯ ಎತ್ರೆತಾ ಎಂಬ ಊರಿನಲ್ಲಿ. ಬಿಳಿ ಸುಣ್ಣಕಲ್ಲಿನ ಎತ್ತರದ ಬಂಡೆಗಳು, ಅವುಗಳನ್ನು ಕಡಲು ಕೊರೆದು ಮಾಡಿದ ಕಮಾನುಗಳು. 1869ರಲ್ಲೇ ಕೂರ್ಬೆ ಎಂಬ ದೊಡ್ಡ ಚಿತ್ರಕಾರ ಅಲ್ಲಿ ಕೆಲಸ ಮಾಡಿ ಹೋಗಿದ್ದ. ಅಂಥವನು ಚೆನ್ನಾಗಿ ಬರೆದದ್ದನ್ನು ನಾನು ಮತ್ತೆ ಬರೆಯಲು ಹೊರಟಿರುವುದು ಧಾರ್ಷ್ಟ್ಯವೇ ಸರಿ ಎಂಬರ್ಥದಲ್ಲಿ ಮೊನೆ 1883ರಲ್ಲಿ ತನ್ನ ಸಂಗಾತಿ ಆಲಿಸ್‌ಗೆ ಕಾಗದ ಬರೆದಿದ್ದ.

ಅಲ್ಲಿನ ಉಬ್ಬರ-ಇಳಿತ ನಮ್ಮ ಕರಾವಳಿಯಂತಲ್ಲ. ಮಂಗಳೂರಿನಲ್ಲಿ ನೀರು ಏರಿ ಇಳಿಯುವುದು ಒಂದೂವರೆ ಮೀಟರಿನಷ್ಟು. ಆ ಕಡಲಲ್ಲಿ ಅದರ ಹಲವು ಪಟ್ಟು. 1885ರ ನವೆಂಬರಿನಲ್ಲಿ ಮೊನೆ ಮಾನ್‌ಪೋರ್ತ್ ಎಂಬ ದೊಡ್ಡ ಕಮಾನಿನ ಹತ್ತಿರ ಬಂಡೆಯ ಬುಡದಲ್ಲಿ ನಿಂತು ಬರೆಯುತ್ತಿದ್ದ. ನೀರು ಇಳಿಯುತ್ತಿದೆ ಅಂದುಕೊಂಡಿದ್ದ, ಏರುತ್ತಿತ್ತು. ಒಂದು ಅಲೆ ಬಂದು ಬಂಡೆಗೆ ಬಡಿದು, ಹಿಂದಕ್ಕೆ ಸೆಳೆಯಿತು. ಮುಗಿಯಿತು ನನ್ನ ಕಥೆ ಅಂದುಕೊಂಡನಂತೆ. ಕೊನೆಗೆ ನಾಲ್ಕು ಕಾಲಲ್ಲಿ ತೆವಳಿ ಮೇಲೆ ಬಂದ. ಕೈಯಲ್ಲಿದ್ದ ಪ್ಯಾಲೆಟ್ ಮುಖಕ್ಕೆ ಬಡಿದು ಗಡ್ಡವೆಲ್ಲ ನೀಲಿ, ಹಳದಿ. ಈಸೆಲ್, ಚೀಲ, ಆ ದಿನದ ಚಿತ್ರ ಎಲ್ಲ ಸಮುದ್ರಪಾಲು. ಇಷ್ಟನ್ನೂ ಆಲಿಸ್‌ಗೆ ಆತನೇ ಬರೆದು ತಿಳಿಸಿದ್ದಾನೆ. ಆಗ ಆತನಿಗೆ 45 ವರ್ಷ. ಅಷ್ಟಾದ ಮೇಲೂ ಅಲ್ಲೇ ಉಳಿದು ಕೆಲಸ ಮುಂದುವರಿಸಿದ!

ಹಾಗಾದರೆ ನಿಲ್ಲದ ಕಡಲನ್ನು ಒಣಗದ ಬಣ್ಣದಲ್ಲಿ ಹಿಡಿದದ್ದು ಹೇಗೆ? ಉತ್ತರವನ್ನು ಕಥೆಗಾರ ಮೊಪಾಸಾ ಕಣ್ಣಾರೆ ಕಂಡು 1886ರಲ್ಲಿ ಬರೆದಿದ್ದಾನೆ. ಎತ್ರೆತಾದಲ್ಲಿ ಮೊನೆಯ ಹಿಂದೆ ಮಕ್ಕಳ ಹಿಂಡು ಐದಾರು ಕ್ಯಾನ್ವಾಸ್ ಹೊತ್ತು ಹೋಗುತ್ತಿತ್ತಂತೆ. ಎಲ್ಲದರಲ್ಲೂ ಒಂದೇ ನೋಟ, ಬೇರೆ ಬೇರೆ ಹೊತ್ತಿನದು. ಬೆಳಕು ಬದಲಾದರೆ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಆ ಬೆಳಕಿನದನ್ನು ಎತ್ತಿಕೊಳ್ಳುವುದು. ಅದೇ ಬೆಳಕು ನಾಳೆ ಬಂದರೆ ಪುಣ್ಯ, ಇಲ್ಲದಿದ್ದರೆ ಕಾಯುವುದು. ಅದೇ ವರ್ಷ ಬ್ರಿಟನಿಯ ಬೆಲ್ ಈಲ್ ದ್ವೀಪಕ್ಕೆ ಹತ್ತು ಹದಿನೈದು ದಿನಕ್ಕೆಂದು ಹೋದವನು ಎರಡು ತಿಂಗಳಿಗೂ ಹೆಚ್ಚು ಉಳಿದ. ಗಾಳಿಗೆ ಹಾರಿಹೋಗದಂತೆ ಈಸೆಲ್ ಅನ್ನು ಹಗ್ಗದಿಂದ ಕಟ್ಟಿ ನಿಲ್ಲಿಸಬೇಕಾಯಿತು. ಕಡಲನ್ನು ನಿಜವಾಗಿ ಬರೆಯಬೇಕಾದರೆ ಒಂದೇ ಜಾಗದಿಂದ ದಿನವೂ, ಪ್ರತಿ ಹೊತ್ತೂ ನೋಡಬೇಕು ಎಂಬುದು ಅಲ್ಲಿಂದ ಬರೆದ ಕಾಗದದ ಸಾರ.

ಇಂಪ್ರೆಷನಿಸ್ಟರು ಕೂತಲ್ಲೇ, ಒಂದೇ ಏಟಿಗೆ, ಸ್ಫೂರ್ತಿ ಬಂದಂತೆ ಚಿತ್ರ ಮುಗಿಸುತ್ತಿದ್ದರು ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಮೊನೆಯ ಕಡಲ ಚಿತ್ರಗಳ ಮಟ್ಟಿಗೆ ಇದು ಅರ್ಧ ಸತ್ಯ. ಎಷ್ಟೋ ಚಿತ್ರಗಳನ್ನು ಆತ ಹತ್ತಾರು ದಿನ ಎಳೆದಾಡಿ, ಆಮೇಲೆ ಜಿವರ್ನಿಯ ಮನೆಗೆ ಹೊತ್ತು ತಂದು, ಒಳಗೆ ಕೂತು ತಿದ್ದಿ ಮುಗಿಸಿದ. ಹಾಗೆಂದು ಮೋಸವೇನಲ್ಲ. ನೆನಪಿಗೂ ಕಣ್ಣಿಗೂ ನಡುವೆ ಇರುವ ಜಾಗದಲ್ಲೇ ಆ ಅಲೆಗಳು ಹುಟ್ಟಿದ್ದು.

ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಇನ್ನೊಂದು. 1890-91ರ ಹುಲ್ಲುಬಣವೆಗಳು, ಆಮೇಲಿನ ರೂಆನ್ ಚರ್ಚಿನ ಚಿತ್ರಗಳು... ಒಂದೇ ವಸ್ತುವನ್ನು ಬೇರೆ ಬೇರೆ ಬೆಳಕಿನಲ್ಲಿ ಬರೆದ ಈ ಸರಣಿಗಳನ್ನು ಕಲೆಯ ಇತಿಹಾಸ ದೊಡ್ಡ ತಾತ್ವಿಕ ಹೆಜ್ಜೆ ಎನ್ನುತ್ತದೆ. ಇರಬಹುದು. ಆದರೆ ಆ ಪದ್ಧತಿ ಪಳಗಿದ್ದು ಕಡಲ ಗಾಳಿಯಲ್ಲಿ, ಬಣ್ಣ ಒಣಗಲಿಲ್ಲ, ನೀರು ಕಾಯಲಿಲ್ಲ ಎಂಬ ಶುದ್ಧ ಲೌಕಿಕ ತಾಪತ್ರಯದಲ್ಲಿ. ಬಣವೆ ಕನಿಷ್ಠ ನಿಂತಲ್ಲೇ ನಿಂತಿರುತ್ತದೆ. ಒದ್ದಾಟ ಕಲಿಸಿದ್ದು ಕಡಲು.